ಎಂಜಿನ್ ನಿಂತ ಮೇಲೆ: ಎರಡನೇ ಬ್ಯಾಟರಿಯ ಕತೆ

ಹ್ಯಾಂಡಲ್ ಇದ್ದಷ್ಟು ಕಾಲ ಎರಡನೇ ಬ್ಯಾಟರಿಯ ಮಾತು ಹುಟ್ಟಲಿಲ್ಲ. ಬ್ಯಾಟರಿ ಇಳಿದುಹೋದರೆ ಚಾಲಕ ಮೂಲೆಯಲ್ಲಿಟ್ಟಿದ್ದ ಸೊಟ್ಟ ಕಬ್ಬಿಣದ ಸರಳನ್ನು ತೆಗೆದು, ಬಂಪರಿನ ನಡುವಿನ ತೂತಿಗೆ ತೂರಿಸಿ, ಉಸಿರು ಬಿಗಿಹಿಡಿದು ತಿರುಗಿಸುತ್ತಿದ್ದ. ನಮ್ಮ ಕಡೆಯ ಹಳೆಯ ಬಸ್ಸು, ಲಾರಿಗಳ ಕ್ಲೀನರುಗಳಿಗೂ ಹ್ಯಾಂಡಲ್ ಹೊಡೆಯುವುದೇ ಬೆಳಗಿನ ಮೊದಲ ಕೆಲಸವಾಗಿತ್ತು. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿಗೆ ಹ್ಯಾಂಡಲ್ ಇತ್ತು. 1948ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ಮೋಟಾರು ಪ್ರದರ್ಶನದಲ್ಲಿ ಜನರೆದುರು ಬಂದ ಮೊದಲ ಲ್ಯಾಂಡ್ ರೋವರಿಗೂ ಇತ್ತು. ಕಾಡು, ಮರಳು, ಹಿಮ ಎಲ್ಲೇ ನಿಂತರೂ ತೋಳಿನಲ್ಲಿ ಬಲ ಇದ್ದವನು ಊರು ಸೇರುತ್ತಿದ್ದ.

ಇವತ್ತು ಆಸ್ಟ್ರೇಲಿಯಾದಲ್ಲಿ ಫೋರ್ ವೀಲ್ ಡ್ರೈವ್ ಗಾಡಿ ಕೊಂಡವರು ಟೈರಿನ ಚರ್ಚೆ ಮುಗಿಸಿದ ಕೂಡಲೇ ಎತ್ತಿಕೊಳ್ಳುವ ಪ್ರಶ್ನೆ ಒಂದಿದೆ: ಇದಕ್ಕೆ ಇನ್ನೊಂದು ಬ್ಯಾಟರಿ ಹಾಕಿಸಬೇಕೆ? ಭಾರತದ ಆಫ್‌ರೋಡ್ ಹವ್ಯಾಸಿಗಳೂ ಈಗ ಅದನ್ನೇ ಕೇಳತೊಡಗಿದ್ದಾರೆ. ದಾರಿ ಎಷ್ಟು ಒರಟೋ ಬ್ಯಾಟರಿ ಅಷ್ಟು ಹೆಚ್ಚು ಬೇಕು ಎಂದು ನಂಬುವವರು ಬಹಳ. ಈ ವ್ಯವಸ್ಥೆ ಬೆಳೆದುಬಂದ ಬಗೆಯನ್ನು ನೋಡಿದರೆ ಆ ನಂಬಿಕೆ ನಿಲ್ಲುವುದಿಲ್ಲ. ಕಲ್ಲಾಗಲಿ ಕೆಸರಾಗಲಿ, ಎಂಜಿನ್ ಓಡುತ್ತಿರುವಷ್ಟು ಹೊತ್ತು ಒಂದು ಬ್ಯಾಟರಿಯೇ ಸಾಕು. ಎರಡನೆಯದು ಹುಟ್ಟಿದ್ದು ಗಾಡಿ ಓಡುವ ದಾರಿಯಲ್ಲಲ್ಲ, ಗಾಡಿ ನಿಂತು ಜನ ಒಲೆ ಹೂಡಿದ ಜಾಗದಲ್ಲಿ.

ಎಂಜಿನ್ ತಿರುಗಿಸುವ ಕೆಲಸವನ್ನು ಬ್ಯಾಟರಿಗೆ ಒಪ್ಪಿಸಿದವರು ಅಮೆರಿಕದ ಡೇಟನ್ ಊರಿನ ಚಾರ್ಲ್ಸ್ ಕೆಟರಿಂಗ್. ಅದಕ್ಕೂ ಮೊದಲು ಅವರು ಅಂಗಡಿಗಳ ನಗದು ಯಂತ್ರಕ್ಕೆ ವಿದ್ಯುತ್ ಮೋಟಾರು ಜೋಡಿಸಿದ್ದರು. ಗಲ್ಲಾಪೆಟ್ಟಿಗೆಯ ಖಾನೆ ತೆರೆಯಲು ಮೋಟಾರು ದಿನವಿಡೀ ದುಡಿಯಬೇಕಿಲ್ಲ, ಒಂದು ಕ್ಷಣ ಜೋರಾಗಿ ಎಳೆದರೆ ಮುಗಿಯಿತು. ಕಾರಿನ ಎಂಜಿನ್‌ಗೂ ಅಷ್ಟೇ ಸಾಕು ಎಂದು ಅವರಿಗೆ ಹೊಳೆಯಿತು. ಹ್ಯಾಂಡಲ್ ಹಿಂದಕ್ಕೆ ಒದ್ದು ಮಣಿಕಟ್ಟು, ದವಡೆ ಮುರಿದುಕೊಂಡವರು ಆ ಕಾಲದಲ್ಲಿ ಕಡಿಮೆ ಇರಲಿಲ್ಲ. 1912ರ ಮಾದರಿಯ ಕ್ಯಾಡಿಲಾಕ್ ಕಾರು ಕೆಟರಿಂಗ್ ಅವರ ಸೆಲ್ಫ್ ಸ್ಟಾರ್ಟರ್ ಹೊತ್ತು ಮಾರುಕಟ್ಟೆಗೆ ಬಂತು. ಅದರ ವೈರಿಂಗ್ ಗಮನಿಸಬೇಕು: ಎಂಜಿನ್ ಎಬ್ಬಿಸುವಾಗ ಬ್ಯಾಟರಿ ಭಾಗಗಳು ಒಂದರ ಹಿಂದೊಂದು ಸೇರಿ 24 ವೋಲ್ಟ್ ಕೊಡುತ್ತಿದ್ದವು, ಚಾರ್ಜ್ ಆಗುವಾಗ ಅವೇ ಭಾಗಗಳು ಅಕ್ಕಪಕ್ಕ ಸೇರಿ 6 ವೋಲ್ಟ್‌ಗೆ ಇಳಿಯುತ್ತಿದ್ದವು. ಎಬ್ಬಿಸುವ ಕೆಲಸ ಬೇರೆ, ಸಾಕುವ ಕೆಲಸ ಬೇರೆ ಎಂಬ ತಿಳಿವಳಿಕೆ ಹುಟ್ಟಿನಲ್ಲೇ ಇತ್ತು.

ಎಬ್ಬಿಸುವ ಕೆಲಸಕ್ಕೆ ಬೇಕಾಗುವುದು ಬಹಳ ಕಡಿಮೆ ಸಂಗ್ರಹ. ದೊಡ್ಡ ಡೀಸೆಲ್ ಎಂಜಿನ್ 400 ಆಂಪ್ ಎಳೆದರೂ, ಮೂರು ಸೆಕೆಂಡಿನಲ್ಲಿ ಹೊತ್ತಿಕೊಂಡರೆ ಖರ್ಚಾಗುವುದು ಸುಮಾರು ಮೂರನೇ ಒಂದು ಆಂಪ್ ಅವರ್ ಅಷ್ಟೇ. ಹಾಗಾಗಿ ಸ್ಟಾರ್ಟರ್ ಬ್ಯಾಟರಿಯೊಳಗೆ ತೆಳು ಸೀಸದ ತಗಡುಗಳನ್ನು ಒತ್ತೊತ್ತಾಗಿ ಜೋಡಿಸುತ್ತಾರೆ. ಮೇಲ್ಮೈ ಹೆಚ್ಚಿದ್ದಷ್ಟೂ ಒಂದೇ ಹೊಡೆತಕ್ಕೆ ಹೆಚ್ಚು ಕರೆಂಟು ನುಗ್ಗುತ್ತದೆ. ಅದೇ ಬ್ಯಾಟರಿಯನ್ನು ರಾತ್ರಿಯೆಲ್ಲ ನಿಧಾನವಾಗಿ ಹಿಂಡಿ ಬರಿದು ಮಾಡಿದರೆ ತಗಡಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಕೆಲವೇ ಸಲ ಹೀಗಾದರೂ ಅದರ ಆಯಸ್ಸು ಮುಗಿಯಿತು. ನಮ್ಮ ಮನೆಗಳ ಯುಪಿಎಸ್‌ಗೆ ಕಾರಿನ ಬ್ಯಾಟರಿ ಹಾಕದೆ ದಪ್ಪ ತಗಡಿನ, ಎತ್ತರದ ಟ್ಯೂಬುಲರ್ ಬ್ಯಾಟರಿ ಕೂರಿಸುವುದು ಇದೇ ಕಾರಣಕ್ಕೆ. ಮರುಭೂಮಿಯಲ್ಲಿ ಬೀಡುಬಿಟ್ಟ ಗಾಡಿಗೂ ಆ ಜಾತಿಯ ಬ್ಯಾಟರಿ ಬೇಕಾಯಿತು. ಅಲ್ಲಿಗೆ ತಲುಪಲು ಅರ್ಧ ಶತಮಾನ ಹಿಡಿಯಿತು.

ಒಂದಕ್ಕಿಂತ ಹೆಚ್ಚು ಬ್ಯಾಟರಿ ಹೊತ್ತು ಕಾಡುಮೇಡು ಸುತ್ತಿದ ಮೊದಲಿಗರಲ್ಲಿ ಸೈನಿಕರು ಮುಖ್ಯ. 1950ರಲ್ಲಿ ಅಮೆರಿಕದ ಸೇನೆ ಸೇರಿದ ಎಂ-38 ಜೀಪಿನಲ್ಲಿ ಎರಡು 12 ವೋಲ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಕಟ್ಟಿ 24 ವೋಲ್ಟ್ ಮಾಡಿದ್ದರು. ಬ್ರಿಟಿಷ್ ಸೇನೆಯ ರೇಡಿಯೊ ಲ್ಯಾಂಡ್ ರೋವರ್‌ಗಳದ್ದು ಇನ್ನೂ ಮುಂದಿನ ಹೆಜ್ಜೆ. ಅವುಗಳ 24 ವೋಲ್ಟ್ ವ್ಯವಸ್ಥೆಯಲ್ಲಿ ಗಾಡಿಯ ಬ್ಯಾಟರಿಗಳು ಬೇರೆ, ಹಿಂಬದಿಯಲ್ಲಿ ರೇಡಿಯೊ ಬ್ಯಾಟರಿಗಳು ಬೇರೆ. ಗುಡ್ಡದ ತಪ್ಪಲಲ್ಲಿ ಸದ್ದಿಲ್ಲದೆ ಕೂತು ಗಂಟೆಗಟ್ಟಲೆ ರೇಡಿಯೊ ಆಲಿಸಿದವನು, ಹೊರಡುವ ಆಜ್ಞೆ ಬಂದ ಕ್ಷಣ ಎಂಜಿನ್ ಎಬ್ಬಿಸಲೇಬೇಕು. ಇವತ್ತಿನ ಕ್ಯಾಂಪಿಂಗ್ ಗಾಡಿಯ ಇಡೀ ತರ್ಕ ಆ ಒಂದು ವಾಕ್ಯದಲ್ಲಿದೆ.

ಇಲ್ಲೊಂದು ಗೊಂದಲ ಬಿಡಿಸಬೇಕು, ಏಕೆಂದರೆ ಇದರಿಂದ ಹಣ ಕಳೆದುಕೊಳ್ಳುವವರು ಇಂದಿಗೂ ಇದ್ದಾರೆ. ಎರಡು ಬ್ಯಾಟರಿ ಕಂಡ ಮಾತ್ರಕ್ಕೆ ಅದು ಜೋಡಿ ಬ್ಯಾಟರಿ ವ್ಯವಸ್ಥೆ ಆಗುವುದಿಲ್ಲ. ಎಂ-38ರಲ್ಲಿ ಎರಡು ಸೇರಿ ಒಂದೇ 24 ವೋಲ್ಟ್ ಬ್ಯಾಟರಿ. ಟೊಯೋಟ ಲ್ಯಾಂಡ್ ಕ್ರೂಸರ್ 200 ಸರಣಿಯ ಡೀಸೆಲ್ ಗಾಡಿಗಳು, ಅಮೆರಿಕದ ದೊಡ್ಡ ಡೀಸೆಲ್ ಪಿಕಪ್‌ಗಳು ಕಾರ್ಖಾನೆಯಿಂದಲೇ ಎರಡು ಬ್ಯಾಟರಿ ಹೊತ್ತು ಬಂದವು. ಅವು ಸಮಾನಾಂತರವಾಗಿ ಕೂಡಿ ಸ್ಟಾರ್ಟರ್‌ಗೆ ಬಲ ಕೊಡುವ ಜೋಡೆತ್ತುಗಳು. ಅಂಥ ಗಾಡಿಯಲ್ಲಿ ರಾತ್ರಿಯಿಡೀ ಫ್ರಿಜ್ ಓಡಿಸಿದರೆ ಎರಡೂ ಒಟ್ಟಿಗೆ ಇಳಿಯುತ್ತವೆ, ಬೆಳಿಗ್ಗೆ ಎರಡೂ ಒಟ್ಟಿಗೆ ಕೈಕೊಡುತ್ತವೆ. ಸಂಖ್ಯೆ ಎರಡಾಗಿರುವುದು ಮುಖ್ಯವಲ್ಲ. ಎಂಜಿನ್ ನಿಂತಾಗ ಒಂದು ಇನ್ನೊಂದರಿಂದ ತಾನಾಗಿ ಬೇರ್ಪಡಬೇಕು, ಅದೇ ಮುಖ್ಯ.

ಈ ಬೇರ್ಪಡಿಸುವ ಕಲೆ ಪಳಗಿದ್ದು ಆಸ್ಟ್ರೇಲಿಯಾದ ಒಳನಾಡಿನಲ್ಲಿ. ಬ್ಯಾಟರಿಯ ಜೊತೆ ಅಲ್ಲಿನವರ ಒಡನಾಟ ಗಾಡಿಗಳಿಗಿಂತ ಹಳೆಯದು. 1928ರ ಮೇ 17ರಂದು ಕ್ವೀನ್ಸ್‌ಲ್ಯಾಂಡಿನ ಕ್ಲಾನ್‌ಕರಿಯಿಂದ ಹಾರುವ ವೈದ್ಯರ ಮೊದಲ ವಿಮಾನ ಹೊರಟಿತು. ವಿಮಾನ ಸಿಕ್ಕಿತು, ವೈದ್ಯರು ಸಿಕ್ಕಿದರು. ನೂರಾರು ಮೈಲಿ ಆಚೆಯ ದನಗಾಹಿ ಕುಟುಂಬ ಅವರನ್ನು ಕರೆಯುವುದು ಹೇಗೆ? ರೇಡಿಯೊ ಇತ್ತು, ಅದಕ್ಕೆ ಬೇಕಾದ ಭಾರೀ ಬ್ಯಾಟರಿಗಳನ್ನು ಅಷ್ಟು ದೂರ ಸಾಗಿಸಿ ಚಾರ್ಜ್ ಮಾಡುವ ದಾರಿ ಇರಲಿಲ್ಲ. ಈ ಸೇವೆಯ ಕನಸು ಕಂಡ ಪಾದ್ರಿ ಜಾನ್ ಫ್ಲಿನ್ ಅವರಿಗಾಗಿ ಅಡಿಲೇಡಿನ ಆಲ್‌ಫ್ರೆಡ್ ಟ್ರೇಗರ್ ಬ್ಯಾಟರಿಯನ್ನೇ ಬಿಟ್ಟು ಯೋಚಿಸಿದರು. ಸೈಕಲ್ ಪೆಡಲಿಗೆ ಜನರೇಟರ್ ಜೋಡಿಸಿದರೆ ಮನುಷ್ಯನೊಬ್ಬ ಆಯಾಸವಿಲ್ಲದೆ ಸುಮಾರು 20 ವಾಟ್, 300 ವೋಲ್ಟ್ ಹುಟ್ಟಿಸಬಲ್ಲ ಎಂದು ಕಂಡುಕೊಂಡರು. 1929ರಲ್ಲಿ ಪೆಡಲ್ ರೇಡಿಯೊಗಳು ಒಂಟಿ ಮನೆಗಳ ಅಡುಗೆಕೋಣೆ ಸೇರಿದವು. ಗೃಹಿಣಿ ಕಾಲಲ್ಲಿ ಪೆಡಲ್ ತುಳಿಯುತ್ತ ಕೈಯಲ್ಲಿ ಸಂದೇಶ ಕಳಿಸಿದರೆ ವೈದ್ಯರಿಗೆ ಮುಟ್ಟುತ್ತಿತ್ತು. ಒಳನಾಡಿನ ಇತಿಹಾಸದಲ್ಲಿ ಇದಕ್ಕಿಂತ ಮನ ಮುಟ್ಟುವ ಯಂತ್ರ ಇನ್ನೊಂದಿಲ್ಲ.

1930ರ ದಶಕದಿಂದ ಅಂಥ ಮನೆಗಳ ಹಿತ್ತಿಲಲ್ಲಿ ಗಾಳಿಯಂತ್ರಗಳೂ ಎದ್ದವು. ಅಡಿಲೇಡಿನ ಡನ್‌ಲೈಟ್ ಕಂಪನಿಯ ಗಾಳಿಯಂತ್ರ ಶೆಡ್ಡಿನ ಬ್ಯಾಟರಿ ಸಾಲನ್ನು ತುಂಬಿಸುತ್ತಿತ್ತು, 32 ವೋಲ್ಟಿನ ದೀಪಗಳು ಉರಿಯುತ್ತಿದ್ದವು. ಗಾಳಿ ಬಿದ್ದ ದಿನ ಎಷ್ಟು ದೀಪ ಹಚ್ಚಬಹುದು ಎಂಬ ಲೆಕ್ಕ ಮನೆಯ ಮಕ್ಕಳಿಗೂ ಗೊತ್ತಿತ್ತು. ಮುಂದೆ ಅದೇ ಲೆಕ್ಕ ಗಾಡಿ ಏರಿತು.

ಏರಿದ್ದು ತಣ್ಣನೆಯ ಆಹಾರದ ಜೊತೆಗೆ. ಈ ಕತೆಯ ನಿಜವಾದ ತಿರುವು ಫ್ರಿಜ್.

1890ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಚಿನ್ನದ ಊರು ಕೂಲ್‌ಗಾರ್ಡಿಯಲ್ಲಿ ಒಂದು ಸರಳ ಪೆಟ್ಟಿಗೆ ಬಳಕೆಗೆ ಬಂತು. ಚೌಕಟ್ಟಿನ ಸುತ್ತ ಗೋಣಿಬಟ್ಟೆ, ಮೇಲೊಂದು ನೀರಿನ ತಟ್ಟೆ. ಬಟ್ಟೆ ನೆನೆದು, ಗಾಳಿಗೆ ನೀರು ಆರಿದಂತೆ ಒಳಗಿನ ಬೆಣ್ಣೆ, ಮಾಂಸ ತಂಪಾಗಿರುತ್ತಿದ್ದವು. ಆಮೇಲೆ ಸೀಮೆಎಣ್ಣೆ ಫ್ರಿಜ್‌ಗಳು ಬಂದವು. ಸಿಡ್ನಿಯ ಎಡ್ವರ್ಡ್ ಹಾಲ್‌ಸ್ಟ್ರಾಮ್ ಒಳನಾಡಿನ ಮನೆಗಳಿಗೆಂದೇ ಅವನ್ನು ತಯಾರಿಸಿ ಹೆಸರಾದರು. ಬೆಂಕಿಯ ಬಿಸಿಯಿಂದಲೇ ತಂಪು ಹುಟ್ಟಿಸುವ ಈ ಬಗೆಯ ಫ್ರಿಜ್ ಮನೆಯಲ್ಲಿ ಚೆನ್ನ, ಗಾಡಿಯಲ್ಲಿ ಕಷ್ಟ. ನೆಲ ಮಟ್ಟಸವಾಗಿರಬೇಕು, ಓರೆಯಾದರೆ ಒಳಗಿನ ದ್ರವ ಹರಿಯದೆ ತಂಪು ನಿಲ್ಲುತ್ತದೆ. ಇದೇ ತತ್ವದ ಗ್ಯಾಸ್ ಹಾಗೂ 12 ವೋಲ್ಟ್ ಎರಡರಲ್ಲೂ ಓಡುವ ಫ್ರಿಜ್‌ಗಳನ್ನು ಕ್ಯಾರವಾನ್‌ಗಳಿಗೆ ಕೂರಿಸಿದಾಗ, ಬ್ಯಾಟರಿಯ ಮೇಲೆ ಓಡುವಾಗ ಅವು ಎಡೆಬಿಡದೆ ಎಂಟು ಹತ್ತು ಆಂಪ್ ಕುಡಿಯುತ್ತಿದ್ದವು. ಯಾವ ಬ್ಯಾಟರಿಯೂ ಅದನ್ನು ರಾತ್ರಿಯಿಡೀ ತಾಳುತ್ತಿರಲಿಲ್ಲ.

ಜಪಾನಿನ ಸವಾಫುಜಿ ಕಂಪನಿಯ ಎಂಗೆಲ್ ಫ್ರಿಜ್ ಈ ಲೆಕ್ಕವನ್ನೇ ಬದಲಿಸಿತು. ಅದರ ಸ್ವಿಂಗ್ ಮೋಟಾರ್ ಕಂಪ್ರೆಸರ್ ತಿರುಗುವುದಿಲ್ಲ, ಹಿಂದೆ ಮುಂದೆ ತೂಗುತ್ತದೆ; ಗಾಡಿ ಓರೆಯಾದರೂ ಕುಲುಕಿದರೂ ಕೆಲಸ ನಿಲ್ಲದು, ಕರೆಂಟೂ ಕಡಿಮೆ. ಡೆನ್ಮಾರ್ಕಿನ ಡ್ಯಾನ್‌ಫಾಸ್ 12 ವೋಲ್ಟಿನ ಪುಟ್ಟ ಕಂಪ್ರೆಸರ್‌ಗಳನ್ನು ತಂದಿತು. ಐಸ್ ಪೆಟ್ಟಿಗೆ ಇಟ್ಟುಕೊಂಡವರು ಎರಡು ಮೂರು ದಿನಕ್ಕೊಮ್ಮೆ ಐಸ್ ಸಿಗುವ ಊರಿಗೆ ಹೋಗಲೇಬೇಕಿತ್ತು; ಕಂಪ್ರೆಸರ್ ಫ್ರಿಜ್ ಬಂದ ಮೇಲೆ ಆ ಹಗ್ಗ ಕಳಚಿತು. ಮಾಂಸ ಬೇಗ ಕೆಡುವುದಿಲ್ಲ, ಮಗುವಿನ ಹಾಲು ಹುಳಿಯುವುದಿಲ್ಲ, ಇನ್ಸುಲಿನ್ ಬೇಕಾದವರೂ ಮರುಭೂಮಿಗೆ ಹೋಗಬಲ್ಲರು. ಎರಡನೇ ಬ್ಯಾಟರಿಯನ್ನು ಐಷಾರಾಮ ಎಂದು ತಳ್ಳಿಹಾಕುವವರು ಈ ಕೊನೆಯ ಮಾತನ್ನು ನೆನೆಯಬೇಕು.

ಫ್ರಿಜ್ ಗಾಡಿಯೊಳಗೆ ಬರುವ ಹೊತ್ತಿಗೆ ಗಾಡಿಗಳೂ ದೂರ ಹೋಗತೊಡಗಿದ್ದವು. ಸರ್ವೇಯರ್ ಲೆನ್ ಬೀಡೆಲ್ ತಮ್ಮ ಪುಟ್ಟ ತಂಡದೊಂದಿಗೆ 1955ರಿಂದ 1963ರವರೆಗೆ ನಡುನಾಡಿನಲ್ಲಿ ಆರು ಸಾವಿರ ಕಿಲೋಮೀಟರಿಗೂ ಹೆಚ್ಚು ಮಣ್ಣುರಸ್ತೆ ಕಡಿದರು. ಗನ್‌ಬ್ಯಾರಲ್ ಹೆದ್ದಾರಿ ಮುಗಿದದ್ದು 1958ರಲ್ಲಿ. ಸ್ನೋಯಿ ಪರ್ವತಗಳ ಜಲವಿದ್ಯುತ್ ಯೋಜನೆಯ ಗುತ್ತಿಗೆದಾರ ಲೆಸ್ಲಿ ಥೀಸ್ 1950ರ ದಶಕದ ಕೊನೆಯಲ್ಲಿ ಜಪಾನಿನಿಂದ ಲ್ಯಾಂಡ್ ಕ್ರೂಸರ್‌ಗಳನ್ನು ತರಿಸಿದರು. 1962ರ ಸೆಪ್ಟೆಂಬರಿನಲ್ಲಿ ಭೂವಿಜ್ಞಾನಿ ರೆಜ್ ಸ್ಪ್ರಿಗ್ ಹೆಂಡತಿ ಗ್ರಿಸೆಲ್ಡಾ, ಇಬ್ಬರು ಮಕ್ಕಳೊಂದಿಗೆ ನಿಸಾನ್ ಪ್ಯಾಟ್ರೋಲ್ ಗಾಡಿಯಲ್ಲಿ ಸಿಂಪ್ಸನ್ ಮರುಭೂಮಿಯನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟಿದರು. ಸಾವಿರದ ನೂರಕ್ಕೂ ಮೀರಿದ ಮರಳ ದಿಣ್ಣೆಗಳು ಒಂದರ ಪಕ್ಕ ಒಂದು ಸಾಲುಗಟ್ಟಿದ ಆ ನೆಲವನ್ನು ಮೋಟಾರು ಗಾಡಿ ದಾಟಿದ್ದು ಅದೇ ಮೊದಲು. ಅದೇ ಪ್ಯಾಟ್ರೋಲ್ ವಂಶದ ಗಾಡಿಯನ್ನು ಮುಂದೆ ಜಬಲ್ಪುರದ ಸೇನಾ ಕಾರ್ಖಾನೆ ಜೋಂಗಾ ಎಂಬ ಹೆಸರಿನಲ್ಲಿ ಭಾರತೀಯ ಸೇನೆಗೆ ತಯಾರಿಸಿತು. ಹರಾಜಿನಲ್ಲಿ ಬಂದ ಜೋಂಗಾಗಳನ್ನು ಕೊಡಗಿನವರಿಗೆ ಪರಿಚಯಿಸಬೇಕಿಲ್ಲ.

1966ರಲ್ಲಿ ಮೈಕ್ ಮತ್ತು ಮಾಲ್ ಲೇಲ್ಯಾಂಡ್ ಸೋದರರು ಖಂಡದ ಪಶ್ಚಿಮ ತುದಿಯಿಂದ ಪೂರ್ವ ತುದಿಗೆ ಲ್ಯಾಂಡ್ ರೋವರ್‌ಗಳಲ್ಲಿ ಹೋಗಿ ಚಿತ್ರೀಕರಿಸಿ ತಂದರು. ಆ ಚಿತ್ರ ನೋಡಿದ ಸಾವಿರಾರು ಸಾಮಾನ್ಯ ಕುಟುಂಬಗಳಿಗೆ ತಾವೂ ಹೋಗಬಹುದು ಅನ್ನಿಸಿತು. ಅದಕ್ಕೂ ಮೊದಲು ಒಳನಾಡಿಗೆ ಹೋದವರೆಲ್ಲ ಮರಳಿ ಬಂದಿರಲಿಲ್ಲ ಎಂಬುದೂ ನಿಜ. 1963ರ ಡಿಸೆಂಬರಿನಲ್ಲಿ ಬರ್ಡ್ಸ್‌ವಿಲ್ ದಾರಿಯಲ್ಲಿ ಇಂಧನ ಮುಗಿದು ನಿಂತ ಒಂದೇ ಕುಟುಂಬದ ಐವರು ಬಾಯಾರಿ ಸತ್ತರು. ಅವರನ್ನು ಕೊಂದದ್ದು ಬ್ಯಾಟರಿಯಲ್ಲ. ಆದರೆ ಅಲ್ಲಿ ಗಾಡಿ ನಿಲ್ಲುವುದು ಎಂದರೆ ಏನು ಎಂಬುದು ಆ ಬೇಸಿಗೆಯ ನಂತರ ಎಲ್ಲರಿಗೂ ತಿಳಿಯಿತು. ಮುಂಜಾಗ್ರತೆಗೆ ಖರ್ಚು ಮಾಡಲು ಜನ ಹಿಂಜರಿಯದಿರುವುದರ ಹಿಂದೆ ಇಂಥ ನೆನಪುಗಳಿವೆ.

ಅಷ್ಟರಲ್ಲಿ ಹ್ಯಾಂಡಲ್ ಮರೆಯಾಗುತ್ತಿತ್ತು. ಡೀಸೆಲ್ ಎಂಜಿನ್ನಿನ ಒತ್ತಡವನ್ನು ಒಂದು ಕೈ ತಿರುಗಿಸಲಾರದು. ಆಟೊಮ್ಯಾಟಿಕ್ ಗೇರ್ ಬಂದ ಮೇಲೆ ತಳ್ಳಿ ಸ್ಟಾರ್ಟ್ ಮಾಡುವ ಉಪಾಯವೂ ಹೋಯಿತು. ಎಲೆಕ್ಟ್ರಾನಿಕ್ ಇಂಜೆಕ್ಷನ್ ಬಂದಮೇಲಂತೂ ಪೂರ್ತಿ ಸತ್ತ ಬ್ಯಾಟರಿಯ ಗಾಡಿಯನ್ನು ಇಳಿಜಾರಿನಲ್ಲಿ ಬಿಟ್ಟರೂ ಪಂಪಿಗೆ, ಕಂಪ್ಯೂಟರಿಗೆ ಕರೆಂಟಿಲ್ಲದೆ ಎಂಜಿನ್ ಏಳದು. ಒಂದು ಕಡೆ ಬ್ಯಾಟರಿ ಹೀರುವ ಫ್ರಿಜ್ ಒಳಗೆ ಬಂತು, ಇನ್ನೊಂದು ಕಡೆ ಬ್ಯಾಟರಿ ಇಲ್ಲದೆ ಎಂಜಿನ್ ಎಬ್ಬಿಸುವ ದಾರಿಗಳೆಲ್ಲ ಮುಚ್ಚಿದವು. ಈ ಎರಡು ಕೂಡಿದ 1970, 80ರ ದಶಕಗಳಲ್ಲಿ ಎರಡನೇ ಬ್ಯಾಟರಿ ಅಲ್ಲಿನ ಗಾಡಿಗಳ ಮನೆಮಾತಾಯಿತು. ಮೆಲ್ಬರ್ನ್‌ನಲ್ಲಿ ಎಆರ್‌ಬಿ ಕಂಪನಿ ಶುರುವಾದದ್ದು 1975ರಲ್ಲಿ, ಅಡಿಲೇಡ್ ಬಳಿ ರೆಡಾರ್ಕ್ ಶುರುವಾದದ್ದು 1979ರಲ್ಲಿ. ಇಬ್ಬರೂ ಒಳನಾಡಿನ ಪಯಣಿಗರ ಹೆಸರಾಂತ ಸರಬರಾಜುದಾರರಾಗಿ ಬೆಳೆದರು.

ಬೇರ್ಪಡಿಸುವ ಮೊದಲ ಸಾಧನ ದೋಣಿಗಳಿಂದ ಬಂದದ್ದು. ದೋಣಿಯವರು ಎಂಜಿನ್ನಿಗೊಂದು, ವಾಸಕ್ಕೊಂದು ಬ್ಯಾಟರಿ ಇಟ್ಟು, ನಡುವೆ ತಿರುಗಿಸುವ ದಪ್ಪ ಸ್ವಿಚ್ ಹಾಕುತ್ತಿದ್ದರು: ಒಂದು, ಎರಡು, ಎರಡೂ, ಆಫ್. ಅಗ್ಗ, ಗಟ್ಟಿಮುಟ್ಟು, ದೋಷ ಮನುಷ್ಯನದು. ರಾತ್ರಿ ಸ್ವಿಚ್ ತಿರುಗಿಸಲು ಮರೆತರೆ ಬೆಳಿಗ್ಗೆ ಎರಡೂ ಖಾಲಿ. ಎಂಜಿನ್ ಓಡುತ್ತಿರುವಾಗ ಅವಸರದಲ್ಲಿ ಆಫ್ ಕಡೆ ತಿರುಗಿಸಿದರೆ ಆಲ್ಟರ್ನೇಟರಿನ ಡಯೋಡ್‌ಗಳೇ ಸುಟ್ಟವು. ಮರೆವಿಗೆ ಮದ್ದಾಗಿ ಕೀ ಆನ್ ಆದಾಗ ಮಾತ್ರ ಎರಡನ್ನೂ ಕೂಡಿಸುವ ಸೋಲೆನಾಯ್ಡ್ ಬಂತು. ಅದಕ್ಕೂ ಒಂದು ಕೊರತೆ: ಕೀ ತಿರುಗಿಸಿದ ತಕ್ಷಣ ಖಾಲಿ ಬ್ಯಾಟರಿ ತುಂಬಿದ್ದರ ಮೈಮೇಲೆ ಬೀಳುತ್ತದೆ. ಡಯೋಡ್ ಹಾಕಿ ಕರೆಂಟನ್ನು ಒಮ್ಮುಖ ಮಾಡಿ ನೋಡಿದರು. ಸಿಲಿಕಾನ್ ಡಯೋಡ್ ದಾಟುವಾಗ ಸುಮಾರು 0.7 ವೋಲ್ಟ್ ಸೋರಿಹೋಗುತ್ತದೆ, 14.2 ಬರಬೇಕಾದಲ್ಲಿ 13.5 ಬಂದರೆ ಸೀಸದ ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ.

ಕೊನೆಗೆ ಗೆದ್ದದ್ದು ವೋಲ್ಟೇಜ್ ನೋಡಿ ಕೆಲಸ ಮಾಡುವ ರಿಲೇ. ಎಂಜಿನ್ ಓಡಿ ಸ್ಟಾರ್ಟರ್ ಬ್ಯಾಟರಿ ಚೇತರಿಸಿಕೊಂಡು ವೋಲ್ಟೇಜ್ 13.2ರ ಆಸುಪಾಸು ಮುಟ್ಟಿದಾಗ ಅದು ಎರಡನ್ನೂ ಕೂಡಿಸುತ್ತದೆ. ಎಂಜಿನ್ ನಿಂತು 12.7ಕ್ಕೆ ಇಳಿದಾಗ ಬಿಡಿಸುತ್ತದೆ. ಚಾಲಕ ಏನನ್ನೂ ನೆನಪಿಡಬೇಕಿಲ್ಲ. ಇಷ್ಟು ಸಣ್ಣ ಪೆಟ್ಟಿಗೆ ಎಷ್ಟೊಂದು ಕುಟುಂಬಗಳನ್ನು ಮರಳಿನ ನಡುವೆ ಕಾಪಾಡಿದೆ ಎಂದು ಯೋಚಿಸಿದರೆ ಅದನ್ನು ರೂಪಿಸಿದವರ ಬಗ್ಗೆ ಗೌರವ ಮೂಡುತ್ತದೆ. ಇದು ಸಾಧ್ಯವಾಗಲು ಆಲ್ಟರ್ನೇಟರ್ ಬರಬೇಕಿತ್ತು. 1950ರ ದಶಕದ ಡೈನಮೋ ಇಪ್ಪತ್ತು ಆಂಪಿನ ಆಸುಪಾಸು ಕೊಡುತ್ತಿತ್ತು, ಐಡ್ಲಿಂಗ್‌ನಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. 1960ರ ವೇಲಿಯಂಟ್ ಕಾರಿನಲ್ಲಿ ಕ್ರೈಸ್ಲರ್ ಆಲ್ಟರ್ನೇಟರ್ ಕೊಟ್ಟಮೇಲೆ ಉಳಿದವರೂ ಹಿಂಬಾಲಿಸಿದರು. ಮಿಗುವ ಕರೆಂಟು ಸಿಕ್ಕಿದ ಮೇಲೇ ಎರಡನೆಯದನ್ನು ಸಾಕುವ ಮಾತು.

ಹಾಗಾದರೆ ಯಾರಿಗೆ ಬೇಕು? ಆಸ್ಟ್ರೇಲಿಯಾದ ಅನುಭವಿಗಳು ಈ ಪ್ರಶ್ನೆಗೆ ಗಾಡಿಯ ಹೆಸರು ಕೇಳುವುದಿಲ್ಲ, ಎಷ್ಟು ರಾತ್ರಿ ಒಂದೇ ಕಡೆ ನಿಲ್ಲುತ್ತೀರಿ ಎಂದು ಕೇಳುತ್ತಾರೆ. ಲೆಕ್ಕ ಕಷ್ಟದ್ದಲ್ಲ. ನಲವತ್ತು ಐವತ್ತು ಲೀಟರಿನ ಕಂಪ್ರೆಸರ್ ಫ್ರಿಜ್ ಸೆಕೆಗಾಲದಲ್ಲಿ ದಿನಕ್ಕೆ 30ರಿಂದ 50 ಆಂಪ್ ಅವರ್ ತೆಗೆದುಕೊಳ್ಳುತ್ತದೆ. ಎಲ್‌ಇಡಿ ದೀಪ, ಫೋನ್ ಚಾರ್ಜಿಂಗ್ ಅದರ ಮುಂದೆ ಚಿಲ್ಲರೆ. ಗಾಡಿಯ 70 ಆಂಪ್ ಅವರ್ ಬ್ಯಾಟರಿ ಒಂದು ತಂಪು ರಾತ್ರಿಯನ್ನು ಹೇಗೋ ದಾಟಿಸುತ್ತದೆ, ಬೆಳಿಗ್ಗೆ ನಾಲ್ಕು ಗಂಟೆ ಓಡಿಸಿದರೆ ಕಳೆದದ್ದು ಮರಳುತ್ತದೆ. ವೋಲ್ಟೇಜ್ ಇಳಿದಾಗ ಫ್ರಿಜ್ ತಾನೇ ಆಫ್ ಆಗುವ ಕಾವಲೂ ಇದೆ. ಎರಡನೇ ರಾತ್ರಿಯೂ ಅಲ್ಲೇ ಉಳಿದರೆ ಲೆಕ್ಕ ತಪ್ಪುತ್ತದೆ. 100 ಆಂಪ್ ಅವರ್‌ನ ಎಜಿಎಂ ಎಂಬ ಮೊಹರಾದ ಸೀಸದ ಬ್ಯಾಟರಿಯಲ್ಲೂ ಆಯಸ್ಸು ಉಳಿಯಬೇಕಾದರೆ ಬಳಸಬಹುದಾದದ್ದು ಅರ್ಧ ಮಾತ್ರ, ಅಂದರೆ ಒಂದು ಸೆಕೆಯ ದಿನ. ಮೂರು ದಿನ ನದಿದಂಡೆಯಲ್ಲಿ ಬೀಡುಬಿಡುವವರಿಗೆ ಎರಡನೇ ಬ್ಯಾಟರಿಯ ಜೊತೆ ಸೋಲಾರ್ ಹಲಗೆಯೂ ಬೇಕು. ಒಳ್ಳೆಯ ಬಿಸಿಲಲ್ಲಿ 120 ವಾಟಿನದ್ದು ದಿನಕ್ಕೆ ನಲವತ್ತರ ಹತ್ತಿರ ಆಂಪ್ ಅವರ್ ಕೊಟ್ಟು ಫ್ರಿಜ್ಜಿನ ಹಸಿವನ್ನು ಸರಿದೂಗಿಸುತ್ತದೆ.

ಸಿಕ್ಕಿಕೊಂಡ ಗಾಡಿಯನ್ನು ಎಳೆಯುವ ವಿಂಚ್ ಇದೆ, ಅದಕ್ಕಾಗಿ ಎರಡನೇ ಬ್ಯಾಟರಿ ಹಾಕಿಸಬೇಕು ಎನ್ನುವವರಿದ್ದಾರೆ. 1974ರಲ್ಲಿ ಬಂದ ವಾರ್ನ್ 8274ರಂಥ ವಿದ್ಯುತ್ ವಿಂಚ್‌ಗಳು ಈ ಮಾತಿಗೆ ಕಾರಣ. ಪೂರ್ತಿ ಭಾರ ಬಿದ್ದಾಗ ದೊಡ್ಡ ವಿಂಚ್ 400 ಆಂಪ್ ಎಳೆಯುತ್ತದೆ, ನಿಜ. ಆದರೆ ಅದು ಎಂಜಿನ್ ಓಡುತ್ತಿರುವಾಗಿನ, ನಿಮಿಷಗಳ ಕೆಲಸ. ಎಳೆದು ಎಳೆದು ನಿಲ್ಲಿಸಿದರೆ ಆರೋಗ್ಯವಂತ ಸ್ಟಾರ್ಟರ್ ಬ್ಯಾಟರಿ ಒಂದೇ ಸಾಕು. ನಿಧಾನವಾಗಿ ಕೊಡಲು ಹುಟ್ಟಿದ ದಪ್ಪ ತಗಡಿನ ಬ್ಯಾಟರಿಗೆ ವಿಂಚ್ ತಗುಲಿಸುವುದು ಅದಕ್ಕೆ ಶಿಕ್ಷೆ. ದಿನವಿಡೀ ವಿಂಚ್ ಎಳೆಯುವ ಸ್ಪರ್ಧೆಯ ಗಾಡಿಗಳ ಮಾತು ಬೇರೆ.

ಇಷ್ಟೆಲ್ಲ ಸ್ಥಿರವಾಯಿತು ಅನ್ನುವಷ್ಟರಲ್ಲಿ ಕಾರ್ಖಾನೆಗಳು ನೆಲವನ್ನೇ ಕದಲಿಸಿದವು. ಹೊಗೆಯ ನಿಯಮಗಳು ಬಿಗಿಯಾದಂತೆ ಯುರೋಪಿನ ತಯಾರಕರು ಆಲ್ಟರ್ನೇಟರನ್ನು ಕಂಪ್ಯೂಟರಿನ ಕೈಗೆ ಕೊಟ್ಟರು. 2007ರ ಹೊತ್ತಿಗೆ ಬಿಎಂಡಬ್ಲ್ಯು ಇದರಲ್ಲಿ ಮುಂದಿತ್ತು. ಬ್ರೇಕ್ ಒತ್ತಿದಾಗ ವೋಲ್ಟೇಜ್ 15ರ ಹತ್ತಿರ ಏರಿಸುವುದು, ಸಲೀಸು ದಾರಿಯಲ್ಲಿ 13ಕ್ಕಿಂತ ಕೆಳಗೆ ಇಳಿಸಿ ಇಂಧನ ಉಳಿಸುವುದು. ವೋಲ್ಟೇಜ್ ಇಳಿದದ್ದನ್ನು ಕಂಡ ಪಾಪದ ರಿಲೇ ಎಂಜಿನ್ ನಿಂತಿದೆ ಎಂದುಕೊಂಡು ಬ್ಯಾಟರಿಗಳನ್ನು ಬಿಡಿಸುತ್ತದೆ. ಮುನ್ನೂರು ಕಿಲೋಮೀಟರ್ ಓಡಿಸಿ ಬಂದರೂ ಹಿಂದಿನ ಬ್ಯಾಟರಿ ಅರೆಹೊಟ್ಟೆ. ಪರಿಹಾರವಾಗಿ ಬಂದದ್ದು ಡಿಸಿ-ಡಿಸಿ ಚಾರ್ಜರ್: ಮುಂದಿನಿಂದ ಬಂದ ವೋಲ್ಟೇಜ್ ಎಷ್ಟೇ ಇರಲಿ, ಎರಡನೇ ಬ್ಯಾಟರಿಗೆ ಬೇಕಾದಷ್ಟಕ್ಕೆ ಏರಿಸಿ, ಹಂತಹಂತವಾಗಿ ತುಂಬುತ್ತದೆ. ಹೊಸ ಗಾಡಿಗೆ ಎರಡನೇ ಬ್ಯಾಟರಿ ಹಾಕಿಸುವವರು ಬ್ಯಾಟರಿಯ ಕಂಪನಿಗಿಂತ ಮೊದಲು ತಮ್ಮ ಆಲ್ಟರ್ನೇಟರ್ ಯಾವ ಬಗೆಯದು ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

2018ರ ಮಾದರಿಯ ಜೀಪ್ ರ‍್ಯಾಂಗ್ಲರ್‌ನಲ್ಲಿ ಕಾರ್ಖಾನೆಯೇ ಸಣ್ಣದೊಂದು ಎರಡನೇ ಬ್ಯಾಟರಿ ಕೂರಿಸಿತು. ಅದು ಫ್ರಿಜ್ಜಿಗಲ್ಲ, ಸಿಗ್ನಲ್ಲಿನಲ್ಲಿ ಎಂಜಿನ್ ತಾನಾಗಿ ನಿಂತು ಮತ್ತೆ ಏಳುವ ವ್ಯವಸ್ಥೆಗೆ.

ಲಿಥಿಯಂ ಬಂದು ತೂಕದ ಲೆಕ್ಕವನ್ನು ತಿರುಗಿಸಿತು. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡ್‌ಇನಫ್ ಅವರ ತಂಡ 1990ರ ದಶಕದ ನಡುವೆ ಗುರುತಿಸಿದ ಕಬ್ಬಿಣದ ಫಾಸ್ಫೇಟ್ ರಾಸಾಯನಿಕ ಈಗ ಕ್ಯಾಂಪಿಂಗ್ ಬ್ಯಾಟರಿಗಳ ಜೀವಾಳ. ಗುಡ್‌ಇನಫ್ ಅವರಿಗೆ ಲಿಥಿಯಂ ಅಯಾನ್ ಬ್ಯಾಟರಿಗಾಗಿ 2019ರಲ್ಲಿ ನೊಬೆಲ್ ಸಂದಿತು. 100 ಆಂಪ್ ಅವರ್‌ನ ಎಜಿಎಂ 30 ಕಿಲೋ ತೂಗಿದರೆ ಅಷ್ಟೇ ಸಾಮರ್ಥ್ಯದ ಲಿಥಿಯಂ ಹನ್ನೆರಡರ ಆಸುಪಾಸು, ಬಳಸಬಹುದಾದ ಪಾಲು ಹೆಚ್ಚುಕಡಿಮೆ ಎರಡರಷ್ಟು. ಬಾನೆಟ್ ಕೆಳಗಿನ ಬಿಸಿ ಅದಕ್ಕೆ ಒಗ್ಗದು, ಜಾಗ ಹಿಂಬದಿಯಲ್ಲೇ. ನೇರವಾಗಿ ಆಲ್ಟರ್ನೇಟರಿಗೆ ಕಟ್ಟಿದರೆ ಅಡೆತಡೆಯಿಲ್ಲದೆ ಕರೆಂಟು ಹೀರಿ ಆಲ್ಟರ್ನೇಟರನ್ನೇ ಕಾಯಿಸುತ್ತದೆ, ಆದ್ದರಿಂದ ಇಲ್ಲೂ ನಡುವೆ ಚಾರ್ಜರ್ ಬೇಕು. ಇದೇ ಲಿಥಿಯಂ ಇನ್ನೊಂದು ಬದಲಾವಣೆಯನ್ನೂ ತಂದಿದೆ. ಕೈಯಲ್ಲಿ ಹಿಡಿಯುವಷ್ಟು ಸಣ್ಣ ಜಂಪ್ ಸ್ಟಾರ್ಟರ್ ಇಳಿದುಹೋದ ಗಾಡಿಯನ್ನು ಎಬ್ಬಿಸುತ್ತದೆ, ಅಂದರೆ ಕಳೆದುಹೋದ ಹ್ಯಾಂಡಲ್ಲಿನ ಕೆಲಸ ಮಾಡುತ್ತದೆ. ಎತ್ತಿಕೊಂಡು ಹೋಗುವ ಪವರ್ ಸ್ಟೇಷನ್ ಪೆಟ್ಟಿಗೆಗಳು ಫ್ರಿಜ್ಜನ್ನು ಒಂದು ದಿನ ಸಾಕುತ್ತವೆ, ಗಾಡಿಯ ವೈರಿಂಗ್ ಮುಟ್ಟುವುದೇ ಬೇಡ. ವರ್ಷಕ್ಕೆರಡು ವಾರಾಂತ್ಯ ಹೊರಗೆ ಮಲಗುವವರಿಗೆ ಇದೇ ಸರಿಯಾದ ದಾರಿ. ಬಾನೆಟ್ ಕೆಳಗೆ ದಪ್ಪ ಕೇಬಲ್ ಎಳೆಸಿ, ತಪ್ಪು ಜಾಗದಲ್ಲಿ ಫ್ಯೂಸ್ ಹಾಕಿಸಿಕೊಂಡು ಬೆಂಕಿಯ ಅಪಾಯ ತಂದುಕೊಳ್ಳುವುದಕ್ಕಿಂತ ಎಷ್ಟೋ ಮೇಲು.

ಕರ್ನಾಟಕದ ಮಟ್ಟಿಗೆ ಈ ಲೆಕ್ಕ ಇನ್ನೂ ಸುಲಭ. ಮಡಿಕೇರಿಯಿಂದ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತು ಹತ್ತುವ ಜೀಪುಗಳ ದಾರಿ ಸಿಂಪ್ಸನ್ ಮರುಭೂಮಿಯಷ್ಟೇ ಒರಟು ಇರಬಹುದು. ಆದರೆ ಗಂಟೆಗಳಲ್ಲಿ ಹೋಗಿ ಬರುವ ಓಡಾಟ ಅದು, ರಾತ್ರಿಗೆ ಗಾಡಿ ಶೆಡ್ಡಿಗೆ ಮರಳುತ್ತದೆ. ಅವುಗಳಿಗೆ ಬೇಕಾದದ್ದು ಒಳ್ಳೆಯ ಒಂದು ಬ್ಯಾಟರಿ, ತುಕ್ಕು ಹಿಡಿಯದ ಟರ್ಮಿನಲ್, ಹಳೆಯದಾದರೆ ಕಾಲಕಾಲಕ್ಕೆ ಡಿಸ್ಟಿಲ್ಡ್ ವಾಟರ್. ಮಲೆನಾಡಿನ ತೋಟಗಳಲ್ಲಿ ಬ್ಯಾಟರಿ ಸೋತ ಜೀಪನ್ನು ಸಂಜೆ ಇಳಿಜಾರಿನಲ್ಲೇ ನಿಲ್ಲಿಸಿ, ಬೆಳಿಗ್ಗೆ ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎಬ್ಬಿಸುವವರು ಹಳೆಯ ಗಾಡಿಗಳಿರುವವರೆಗೆ ಇರುತ್ತಾರೆ. ಬೆಂಗಳೂರಿನಿಂದ ಹೊರಟು ಲಡಾಖಿನ ಚಾಂಗ್‌ಥಾಂಗ್‌ನಲ್ಲಿ ಎರಡು ಮೂರು ದಿನ ಗಾಡಿಯಲ್ಲೇ ವಾಸ ಮಾಡುವವರ ಲೆಕ್ಕ ಬೇರೆ. ಅಲ್ಲಿ ಚಳಿಯೇ ಸ್ಟಾರ್ಟರ್ ಬ್ಯಾಟರಿಯ ಬಲ ಕುಂದಿಸುತ್ತದೆ, ಹೀಟರ್ ಫ್ಯಾನು ರಾತ್ರಿಯಿಡೀ ಓಡುತ್ತದೆ, ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಚಾರ್ಜ್ ಮಾಡಿದರೆ ಹಾಳಾಗುತ್ತದೆ. ಅಂಥವರು ಎರಡನೇ ಬ್ಯಾಟರಿ ಹಾಕಿಸಿಕೊಳ್ಳಲಿ. ಹಾಕಿಸುವಾಗ ಸೊನ್ನೆಯ ಕೆಳಗೆ ಚಾರ್ಜ್ ತಾನಾಗಿ ನಿಲ್ಲುವ ಬ್ಯಾಟರಿಯನ್ನೋ, ಚಳಿಯಲ್ಲೂ ಚಾರ್ಜ್ ತೆಗೆದುಕೊಳ್ಳುವ ಎಜಿಎಂ ಅನ್ನೋ ಕೇಳಿ ತರಿಸಿಕೊಳ್ಳಲಿ.